ಅಳಿಯನ ಫೋಟೋ ಕೊಟ್ಟು ಕಳಿಸಿದ್ದು

ಗಡಿಯಾಚೆಯ ವರ್ಕಾಡಿಯಲ್ಲಿ ಜೀಪಿನಿಂದ ಇಳಿದು ಅಳಿಯನ ಮನೆ ಎಲ್ಲಿ ಎಂದು ಕೇಳಿದರೆ ಅಂಗಡಿಯವನು ‘ಗೊತ್ತಿಲ್ಲ’ ಎಂದುಬಿಟ್ಟ. ಮನೆ ಅವನ ಅಂಗಡಿಯ ಹಿಂದೆಯೇ ಇತ್ತು! ನಮ್ಮ ಹಾವೇರಿ ಕಡೆ ಯಾರಾದರೂ ಹೀಗೆ ಮಾಡುತ್ತಾರೆಯೇ? ಕೇಳಿದವರ ಕೈಚೀಲ ಹಿಡಿದು ಕಟ್ಟೆಯವರೆಗೆ ಬಿಟ್ಟು ಬರುತ್ತೇವೆ.

ಬಂದದ್ದು ಮಗಳ ಬಾಣಂತನಕ್ಕೆ. ಡಾಕ್ಟರು ಅವಳಿಗೆ ಪ್ರಯಾಣ ಬೇಡವೆಂದಿದ್ದರು. ರೊಟ್ಟಿ ತಿಂದ ಬಾಯಿಗೆ ದಪ್ಪ ಕುಚ್ಚಲಕ್ಕಿ ಗಂಜಿ ಇಳಿಯಲಿಲ್ಲ. ಬಸ್ಸಿನ ಬೋರ್ಡು ಮಲಯಾಳ, ಮನೆಯ ಮಾತು ತುಳು. ಇಲ್ಲಿ ಗಂಡು ಕೂಸಿಗೂ ‘ಬಾಲೆ’ ಎನ್ನುತ್ತಾರೆ, ತುಳುವಿನಲ್ಲಿ ಮಗು ಎಂದರ್ಥವಂತೆ. ಕೇಳಿ ಜಗಳಕ್ಕೇ ನಿಂತಿದ್ದೆ. ಮೊಮ್ಮಗ ಹುಟ್ಟಿದ ಮೇಲೆ ಎಲ್ಲ ರುಚಿಯಾಯಿತು. ಆ ಹುಬ್ಬು, ಆ ಮುಷ್ಟಿ, ಏನು ಹೇಳಲಿ! ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದೆ.

ಅಳಿಯ ಮಾತ್ರ ಇರಲಿಲ್ಲ. ಎಂಬತ್ತನಾಲ್ಕರಲ್ಲಿ ಪಂಜಾಬು ಹೊತ್ತಿ ಉರಿದು, ದಿಲ್ಲಿಯಲ್ಲಿ ಪ್ರಧಾನಿಯ ಕೊಲೆಯೂ ಆಯಿತಲ್ಲ, ಆ ದಿನಗಳಲ್ಲಿ ಸರಕಾರ ಹೊಸದೊಂದು ಪಡೆ ಕಟ್ಟಿತಂತೆ. ಸೈನ್ಯದಿಂದಲೂ ಪೊಲೀಸು ಪಡೆಗಳಿಂದಲೂ ಗಟ್ಟಿಯವರನ್ನು ಆರಿಸುವುದು, ಕೆಲವು ವರ್ಷ ದುಡಿಸಿ ಮರಳಿ ಕಳಿಸುವುದು. ವಿಮಾನ ಅಪಹರಿಸಿದರೆ, ಜನರನ್ನು ಒತ್ತೆ ಇಟ್ಟರೆ ಒಳಗೆ ನುಗ್ಗುವವರು ಇವರೇ. ಕರಿ ಬಟ್ಟೆ, ಮುಖಕ್ಕೂ ಕರಿ ಮುಸುಕು. ಅಳಿಯ ಆ ಪಡೆಯಲ್ಲಿದ್ದ. ಅವನ ಕಾಗದದಲ್ಲಿ ಊರಿನ ಹೆಸರಿರುತ್ತಿರಲಿಲ್ಲ. ರೇಡಿಯೋ ‘ಉಗ್ರರು’ ಎಂದರೆ ಅವನ ತಾಯಿ, ನನ್ನ ಬೀಗಿತ್ತಿ, ಬೀಡಿ ಕಟ್ಟುವ ಕೈ ನಿಲ್ಲಿಸುತ್ತಿದ್ದರು.

ಮಗುವಿಗೆ ಇಪ್ಪತ್ತು ದಿನ. ಮಗಳು ಒಳಗೆ ಮಲಗಿದ್ದಳು, ಬೀಗಿತ್ತಿ ಬೀಡಿ ಕೊಡಲು ಹೋಗಿದ್ದರು. ಗೇಟಿನಲ್ಲಿ ಒಬ್ಬ ನಿಂತು ಅಳಿಯನ ಹೆಸರು ಹೇಳಿ ‘ವೀಡು ಇದೇ ಅಲ್ವಾ?’ ಎಂದ. ವೀಡು ಎಂದರೆ ಮನೆ. ‘ಇದೇ ಬಾರಪ್ಪಾ’ ಎಂದು ಕೂರಿಸಿ ಸಕ್ಕರೆ ಕೊಟ್ಟೆ. ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳಿದೆ. ಹೆಮ್ಮೆ ನೋಡಿ! ಪೆಟ್ಟಿಗೆಯಿಂದ ಕರಿ ಬಟ್ಟೆಯ ಫೋಟೋ ತಂದು ತೋರಿಸಿದೆ. ಅದರಲ್ಲಿ ಮುಖಕ್ಕೆ ಮುಸುಕಿರಲಿಲ್ಲ. ‘ಸ್ನೇಹಿತರಿಗೆ ತೋರಿಸಿ ತರ್ತೇನೆ ಅಮ್ಮಾ’ ಎಂದು ಜೇಬಿಗೆ ಹಾಕಿಕೊಂಡು ಹೋದ.

ಬೀಗಿತ್ತಿ ಬಂದು ಕೇಳಿದವರೇ ಗೇಟಿಗೆ ಓಡಿ ರಸ್ತೆ ನೋಡಿ ಬಂದರು. “ಎಂತ ಮಾಡಿದ್ರಿ ಮಾರಾಯ್ರೆ! ಊಟಕ್ಕೆ ಬಾಳೆಲೆಯೂ ಹಾಕಿದ್ರಾ?”

ಮಗಳು ಕೂಸನ್ನು ಎದೆಗೆ ಒತ್ತಿಕೊಂಡಳು. “ಅವ್ವಾ, ಅವರು ಬೊಂಬಾಯಿ ಹೋಟೆಲಿನ್ಯಾಗ ಅದಾರ ಅಂತ ಇಲ್ಲೆಲ್ಲಾ ಹೇಳೀವಿ. ಅಂಗಡಿಯವಗೂ ಯಾರರ ಕೇಳಿದ್ರ ಗೊತ್ತಿಲ್ಲಾ ಅನ್ನು ಅಂದೀವಿ. ನಿನಗ ಹೇಳೂದು ಮರತೆ.”

ಅಳಿಯನಿಗೆ ಬರೆದೆವು. ಉತ್ತರ ನಾಲ್ಕೇ ಸಾಲು: ‘ಬಂದವನು ನಾನು ಕಳಿಸಿದವನಲ್ಲ. ಉಳಿದ ಫೋಟೋ ಸುಟ್ಟುಬಿಡಿ. ತೊಟ್ಟಿಲಿಗೆ ಬರುವುದಿಲ್ಲ. ನಾನು ಬಂದರೆ ನಿಮಗೇ ಅಪಾಯ.’ ಅವನು ಮಗನನ್ನು ಮೊದಲ ಸಲ ಎತ್ತಿಕೊಂಡಾಗ ಮಗ ಆಗಲೇ ಓಡಾಡುವಷ್ಟಾಗಿದ್ದ; ಅಪರಿಚಿತನೆಂದು ಕಿರುಚಿ ನನ್ನ ಸೆರಗು ಹಿಡಿದ. ಆ ಕಿರುಚಾಟ ನಾನು ತಂದದ್ದು. ಬಂದವನು ಯಾರು, ಫೋಟೋ ಯಾರ ಕೈಯಲ್ಲಿದೆ, ಇಂದಿಗೂ ಗೊತ್ತಿಲ್ಲ.

ಮೂರು ತಿಂಗಳಿಗೆಂದು ಬಂದವಳು, ಕೂಸನ್ನು ಬಿಟ್ಟು ಬರಲಾಗದೆ ಆರು ವರ್ಷ ಕಳೆದೆ. ಅಳಿಯ ಈಗ ಹಳೆಯ ಪಡೆಗೆ ಮರಳಿದ್ದಾನೆ. ನಡೆದದ್ದನ್ನು ಬರೆಯಿರಿ ಅತ್ತೆ ಎಂದ. ಓದಿ ನೋಡಿ ಈ ಊರಿನ ಹೆಸರು ಬದಲಿಸಿದ, ಮನೆಯವರ ಹೆಸರುಗಳನ್ನೆಲ್ಲ ಹೊಡೆದುಹಾಕಿದ. ಊರಿನವರೇ, ಮೊಮ್ಮಗನ ಹೆಸರು ಹೇಳದ ಅಜ್ಜಿ ನಮ್ಮ ಕಡೆ ಒಬ್ಬಳೂ ಇಲ್ಲ. ಇಲ್ಲಿ ಒಬ್ಬಳಿದ್ದೇನೆ.