ನಿನ್ನೆ ಕುಡಿದದ್ದು

ಪುಣೆಯ ಖರಾಡಿಯಲ್ಲಿ ನೀರಿನ ಟ್ಯಾಂಕರ್ ಓಡಿಸುವ ಕನ್ನಡದವರು ಹುಸೇನಪ್ಪನನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಅವರ ಬಾಯಲ್ಲಿ ಅವನು ‘ಯಾಕಪ್ಪ’. ಶಹಾಪುರದ ಕಡೆಯಿಂದ ಅಪ್ಪ ಅವ್ವನ ಜೊತೆ ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದಾಗ ಅವನಿನ್ನೂ ಹುಡುಗ. ಮೇಲಿನ ಮಹಡಿಗೆ ನೀರು ತಾನಾಗಿ ಹೇಗೆ ಹತ್ತುತ್ತದೆ ಎಂದು ಕೇಳಿ ಕೇಳಿ ಪ್ಲಂಬರನ ತಲೆ ತಿಂದಿದ್ದ. ಮೀಸೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಘಟ್ಟ ಇಳಿಯುವಾಗ ಬ್ರೇಕಿನ ಎಣ್ಣೆ ಯಾಕೆ ಕುದಿಯುತ್ತದೆ? ಪೂರ್ತಿ ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ್ದು ಯಾಕೆ ಹೆಚ್ಚು ಹೊಯ್ದಾಡುತ್ತದೆ? ಉತ್ತರ ಸಿಗುವವರೆಗೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಅವನು ಕುಡಿಯುತ್ತಿದ್ದ. ಆದರೆ ಅದಕ್ಕೊಂದು ನೇಮವಿತ್ತು. ಗಾಡಿ ನಿಲ್ಲಿಸಿ, ಕೀಲಿಯನ್ನು ಮನೆಯ ಗೂಟಕ್ಕೆ ತೂಗುಹಾಕಿದ ಮೇಲೆಯೇ ಗ್ಲಾಸು ಮುಟ್ಟುವುದು. ಕುಡಿದು ಸ್ಟೇರಿಂಗ್ ಹಿಡಿಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಒಂದು ಭಾನುವಾರ ಅವನ ಸೋದರಮಾವನ ಮಗ ದೇವಾನಂದನ ಮನೆಯಲ್ಲಿ ಕೂಸಿಗೆ ಹೆಸರಿಡುವ ಊಟ. ಗಂಡಸರೆಲ್ಲ ಮಾಳಿಗೆ ಮೇಲೆ ಕೂತರು. ಬಾಟಲಿ ಮೇಲೆ ಬಾಟಲಿ ಬಂತು. ಸರಿರಾತ್ರಿ ಕಳೆದ ಮೇಲೆ ಹುಸೇನಪ್ಪ ನಡೆದುಕೊಂಡೇ ಮನೆಗೆ ಬಂದು ಮಲಗಿದ. ನಸುಕಿನಲ್ಲಿ ಎದ್ದು ತಣ್ಣೀರು ಜಳಕ ಮಾಡಿದ, ಎರಡು ಕಪ್ ಚಹಾ ಕುಡಿದ, ಗಾಡಿ ಹತ್ತಿದ. ತಲೆ ತುಸು ಭಾರವಿತ್ತು. ನಿದ್ದೆ ಸಾಲದ್ದಕ್ಕೆ ಇರಬೇಕು ಅಂದುಕೊಂಡ.

ಅಂದಿನ ಮೊದಲ ಖೇಪು, ಅಂದರೆ ಮೊದಲ ಸುತ್ತಿನ ನೀರು, ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ. ಗೇಟಿನ ಪಕ್ಕದ ತೊಟ್ಟಿಯ ತನಕ ಹಿಮ್ಮುಖವಾಗಿ ಹೋಗಬೇಕು. ಬಾರಾಮತಿ ಕಡೆಯ ಕಾವಲುಗಾರ ಬಾಳು ಎಂದಿನಂತೆ ಹಿಂದೆ ನಿಂತು ಸೀಟಿ ಊದುತ್ತಿದ್ದ. ಹುಸೇನಪ್ಪ ನೂರಾರು ಸಲ ಹೋದ ಜಾಗ ಅದು. ಕೇಳಿಸಿದ್ದು ಒಂದು ಚೀತ್ಕಾರ, ಆಮೇಲೆ ಗೋಡೆಗೆ ಬಂಪರ್ ಬಡಿದ ಸದ್ದು. ಇಳಿದು ಓಡಿ ನೋಡಿದರೆ ಬಾಳು ನೆಲಕ್ಕೆ ಬಿದ್ದಿದ್ದ. ಕೊನೆಯ ಗಳಿಗೆಯಲ್ಲಿ ಜಿಗಿದಿದ್ದರಿಂದ ಚಕ್ರ ಅವನ ಬೂಟಿನ ಅಂಚಿನ ಮೇಲಷ್ಟೇ ಹಾದಿತ್ತು. ಹಿಮ್ಮಡಿಯ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಮೂಳೆ ಉಳಿದಿತ್ತು, ಅಷ್ಟೇ.

ಮೇಲಿನ ಮನೆಯವರು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಬಂದ ಹವಾಲ್ದಾರ ಸಣ್ಣದೊಂದು ಯಂತ್ರವನ್ನು ಹುಸೇನಪ್ಪನ ಬಾಯಿಗೆ ಹಿಡಿದು ಊದಿಸಿದ. ಅದು ಕೀಂ ಎಂದಿತು.

“ಕಾಲ್ ರಾತ್ರಿ ಪ್ಯಾಯ್ಲೋ ಸಾಹೇಬ, ಆತ್ತಾ ನಾಹಿ,” ಎಂದ ಹುಸೇನಪ್ಪ. ಕುಡಿದದ್ದು ನಿನ್ನೆ ರಾತ್ರಿ, ಈಗಲ್ಲ ಎಂದು.

“ಯಂತ್ರಕ್ಕೆ ನಿನ್ನೆ ಯಾವುದು, ಇವತ್ತು ಯಾವುದು ಗೊತ್ತಾಗುವುದಿಲ್ಲ,” ಎಂದು ಹವಾಲ್ದಾರ ಮರಾಠಿಯಲ್ಲೇ ಹೇಳಿ, ಅವನನ್ನು ಜೀಪಿಗೆ ಹತ್ತಿಸಿದ.

ಸರಕಾರಿ ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ಬಂದವಳು ಧನುಶ್ರೀ ಎಂಬ ಎಳೆಯ ಡಾಕ್ಟರು, ಮಂಡ್ಯದ ಕಡೆಯವಳು. ಅವನು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿದ್ದು, “ನೀವು ಕನ್ನಡದವ್ರಾ?” ಎಂದು ಕೇಳಿದಳು. ಹುಸೇನಪ್ಪನಿಗೆ ಅಷ್ಟೇ ಸಾಕಾಯಿತು.

“ಪೊಲೀಸರ ಮಶೀನ್ ಕೆಟ್ಟಿರಬೇಕ್ರಿ ಮೇಡಂ. ನಾ ಮಲಗಿ ಎದ್ದೀನಿ, ಜಳಕ ಮಾಡೀನಿ, ಚಾ ಕುಡದೀನಿ. ಇನ್ನೂ ಹ್ಯಾಂಗ ಇರ್ತದರಿ ಅದು?”

“ಸ್ನಾನ ಮಾಡಿದ್ರೆ ಮೈ ಕ್ಲೀನ್ ಆಗತ್ತೆ, ರಕ್ತ ಅಲ್ಲ. ಅದನ್ನ ಕ್ಲೀನ್ ಮಾಡೋದು ಲಿವರ್ರು. ಅದು ತನ್ನ ಸ್ಪೀಡಲ್ಲೇ ಕೆಲಸ ಮಾಡೋದು. ನೀವು ಮಲಗಿದ್ರೂ ಅಷ್ಟೇ, ಕಾಫಿ ಕುಡಿದ್ರೂ ಅಷ್ಟೇ.”

“ಎಷ್ಟು ತಾಸು ಬೇಕ್ರಿ ಹಂಗಾರ?”

“ಎಷ್ಟು ಕುಡಿದಿದ್ದೀರಿ ಅನ್ನೋದರ ಮೇಲೆ. ನಿಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಆದ್ರೂ ಆಗ್ಬಹುದು.”

ಹುಸೇನಪ್ಪ ಸೂಜಿ ಚುಚ್ಚಿದ್ದನ್ನೂ ಮರೆತು ಯೋಚಿಸಿದ. “ಅಂದ್ರ ತುಂಬೋ ಪೈಪ್ ದೊಡ್ಡದು, ಖಾಲಿ ಆಗೋ ನಳ ಸಣ್ಣದು.”

“ಕರೆಕ್ಟ್,” ಎಂದು ಅವಳು ಸೀಸೆಗೆ ಮೊಹರು ಹಾಕಿದಳು.

ವರದಿ ಬಂದಾಗ ಯಂತ್ರ ಹೇಳಿದ್ದು ನಿಜವಾಗಿತ್ತು. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮೀರಿದರೆ ಅಪರಾಧ. ಅವನದ್ದು ಅದರ ದುಪ್ಪಟ್ಟಿಗಿಂತಲೂ ಹೆಚ್ಚು.

ಮನೆಯಲ್ಲಿ ಹೆಂಡತಿ ಸಾಬವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದಳು. ಬಯ್ಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, “ಬ್ರೇಕಿನ ಎಣ್ಣಿ ಯಾಕ ಕುದೀತದ ಅಂತ ಊರಿಗೆಲ್ಲ ಕೇಳಿಕೋತ ತಿರಗ್ತಿದ್ದಿ. ಇದನ್ನ ಒಬ್ಬರಿಗರೆ ಯಾಕ ಕೇಳಲಿಲ್ಲ ನೀ?” ಎಂದಳು.

ಹೀಗೆ ಬೆಳಿಗ್ಗೆ ತಲೆ ಭಾರವಾಗಿ ಗಾಡಿ ಹತ್ತಿದ ದಿನಗಳು ಹಿಂದೆ ಎಷ್ಟಾಗಿದ್ದವೋ. ಆ ಒಂದು ಪ್ರಶ್ನೆಯ ಹತ್ತಿರ ಮಾತ್ರ ಮನಸ್ಸು ಸುಳಿದಿರಲಿಲ್ಲ. ಸಿಗುವ ಉತ್ತರ ತನಗೆ ಒಗ್ಗಲಿಕ್ಕಿಲ್ಲ ಎಂದು ಒಳಗೆಲ್ಲೋ ಗೊತ್ತಿತ್ತೇನೋ.

ಎರಡು ದಿನ ಬಿಟ್ಟು ಬಾಳುವಿನ ಮನೆಗೆ ಹೋದ. ಬಾಳು ಕುರ್ಚಿಯಲ್ಲಿ ಕೂತು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದ. ಹುಸೇನಪ್ಪ ಕೈಮುಗಿದು ತಪ್ಪಾಯಿತೆಂದ. ಆಮೇಲೆ, ತಡೆಯಲಾರದೆ, ಅಂದು ಆದದ್ದೇನು, ನೀನು ಕಂಡದ್ದನ್ನು ಹೇಳು ಎಂದು ಕೇಳಿದ. ಇಬ್ಬರ ಮಾತೂ ಮರಾಠಿಯಲ್ಲಿ ನಡೆಯಿತು.

“ಮೂರು ಸಲ ಸೀಟಿ ಊದಿದೆ,” ಎಂದ ಬಾಳು. “ಕನ್ನಡಿಯಲ್ಲಿ ನೀನು ನನ್ನನ್ನು ನೋಡಿದೆ. ಕಣ್ಣಿಗೆ ಕಣ್ಣು ಸೇರಿತು. ನೋಡಿದ್ದಾನಲ್ಲ, ನಿಲ್ಲಿಸುತ್ತಾನೆ ಅಂತ ನಾನು ಅಲ್ಲೇ ನಿಂತೆ.”

ಹುಸೇನಪ್ಪನಿಗೆ ನೆನಪಿದ್ದದ್ದು ಒಂದೇ ಸೀಟಿ. ಆದರೆ ಕನ್ನಡಿಯಲ್ಲಿ ಬಾಳುವಿನ ಮುಖ ಕಂಡದ್ದು ಚೆನ್ನಾಗಿ ನೆನಪಿತ್ತು. ಇನ್ನೂ ಬೇಕಾದಷ್ಟು ಜಾಗ ಇದೆ ಅನ್ನಿಸಿದ್ದೂ ನೆನಪಿತ್ತು. ಕಣ್ಣು ಕಂಡದ್ದು ಕಾಲಿಗೆ ತಲುಪುವಷ್ಟರಲ್ಲಿ ಗಾಡಿ ಅವನ ಮೇಲಿತ್ತು.

“ನೀನು ಕಾಣಿಸಿದ್ದೆ,” ಎಂದ ಮೆಲ್ಲಗೆ. “ಬ್ರೇಕ್ ಒತ್ತುವುದು ತಡವಾಯಿತು.”

ಚಹಾ ಬಂತು, ಇಬ್ಬರೂ ಕುಡಿದರು.

ಪ್ರಕರಣ ಪುಣೆಯ ಶಿವಾಜಿನಗರದ ಕೋರ್ಟಿಗೆ ಬಂತು. ಉಚಿತ ಕಾನೂನು ನೆರವಿನಿಂದ ಸಿಕ್ಕ ವಕೀಲೆ ಅನುಜಾ ಮೊದಲೇ ಬಿಡಿಸಿ ಹೇಳಿದ್ದಳು: ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಜೈಲು ಎರಡು ವರ್ಷದವರೆಗೂ ಏರಬಹುದು. “ಅಂದು ಬಾಳು ಜಿಗಿಯದೆ ಇದ್ದಿದ್ದರೆ ನಾವು ಬೇರೆಯೇ ಕಲಮಿನಡಿ ನಿಂತಿರುತ್ತಿದ್ದೆವು.”

ಗುನ್ಹಾ ಕಬೂಲೇ, ತಪ್ಪು ಒಪ್ಪುತ್ತೀಯಾ ಎಂದು ನ್ಯಾಯಾಧೀಶರು ಕೇಳಿದರು. ಕಬೂಲ್ ಎಂದ ಹುಸೇನಪ್ಪ. “ಆದರೆ ಸಾಹೇಬರೆ, ಕುಡಿದದ್ದು ಇನ್ನೂ ಇಳಿದಿಲ್ಲ ಅಂತ ನನಗೆ ಖರೇನೇ ಗೊತ್ತಿರಲಿಲ್ಲ.”

“ಕಾನೂನು ನಿನ್ನ ರಕ್ತ ನೋಡುತ್ತದೆ. ನೀನು ಏನು ತಿಳಿದುಕೊಂಡಿದ್ದೆ ಎಂಬುದನ್ನಲ್ಲ.”

ದಂಡ ಬಿತ್ತು, ಲೈಸೆನ್ಸ್ ಆರು ತಿಂಗಳು ಅಮಾನತಾಯಿತು, ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆಯೂ ಆಯಿತು. ಕೊನೆಯ ಬೆಂಚಿನಲ್ಲಿ ಕೂತವನು ಕಣ್ಣು ಕಿವಿ ತೆರೆದುಕೊಂಡು ಎಲ್ಲ ನೋಡಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕಂಪನಿ ನೌಕರನೊಬ್ಬ ಎರಡನೆಯ ಸಲ ಸಿಕ್ಕಿದ್ದ. ನೌಕರಿ ಹೋಗುತ್ತದೆ ಎಂದು ಅವನ ವಕೀಲರು ಎಷ್ಟು ಬೇಡಿದರೂ ಪೊಲೀಸರು ಅವನನ್ನು ಜೈಲಿಗೆ ಕರೆದೊಯ್ದರು. ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಲೋಣಾವಳಾದಿಂದ ಕುಡಿದು ಮರಳುತ್ತಿದ್ದ ಕಾರು ಅವಳ ತಮ್ಮನನ್ನು ಕೊಂದಿತ್ತಂತೆ. ಆ ಕಾರಿನವನ ವಕೀಲರು ಬಂದಿರಲಿಲ್ಲ. ಮುಂದಿನ ತಾರೀಖು ಕೊಟ್ಟರು. ಅವಳು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

“ಎಷ್ಟು ವರ್ಷದಿಂದ ಬರುತ್ತಿದ್ದಾರೆ?” ಎಂದು ಹುಸೇನಪ್ಪ ಅನುಜಾಳನ್ನು ಕೇಳಿದ.

“ನಾನು ಇಲ್ಲಿಗೆ ಬರುವ ಮೊದಲಿನಿಂದ.”

ಟ್ಯಾಂಕರ್ ಮಾಲೀಕ ಮೋಹನದಾಸ್ ಕೂಗಾಡಿದ, ಕೊನೆಗೆ ನೀರು ತುಂಬಿಸುವ ಕೇಂದ್ರದಲ್ಲಿ ವಾಲ್ವ್ ನೋಡಿಕೊಳ್ಳುವ ಕೆಲಸ ಕೊಟ್ಟ. ಬೆಳಗಾಗುತ್ತಲೇ ಟ್ಯಾಂಕರುಗಳು ಸಾಲುಗಟ್ಟುತ್ತವೆ. ಹುಸೇನಪ್ಪ ಪೈಪು ಇಳಿಬಿಡುವ ಮುಂಚೆ ಪ್ರತಿಯೊಬ್ಬ ಚಾಲಕನನ್ನೂ ಕೇಳತೊಡಗಿದ: ನಿನ್ನೆ ಕುಡಿದೆಯಾ, ಕುಡಿದಿದ್ದರೆ ಎಷ್ಟು ಗಂಟೆಗೆ ನಿಲ್ಲಿಸಿದೆ? ಕೆಲವರು ನಕ್ಕರು. ಕೆಲವರು ಬೈದರು. ಒಂದು ದಿನ ಮಾಂತು ಎಂಬವನು ಮದುವೆ ಮನೆಯಿಂದ ನೇರ ಗಾಡಿ ಹತ್ತಿ ಬಂದಿದ್ದ.

“ರಾತ್ರಿ ಎರಡಕ್ಕ ನಿಲ್ಲಿಸೀನಿ. ಯಾಕ, ಪೊಲೀಸ್ ಆಗೀಯೇನು?”

“ಇಲ್ಲ. ಒಳಗ ಇನ್ನೂ ಎಷ್ಟು ಅದ ಅಂತ ನೋಡ್ಲಿಕತ್ತೀನಿ.”

“ಏನೂ ಇಲ್ಲ ತಗಿ. ಗಟ್ಟಿ ನಿಂತೀನಲ್ಲ. ಮಂದಿ ನೀರಿಗೆ ಕಾಯ್ಲಿಕತ್ತಾರ, ವಾಲ್ವ್ ಬಿಡು.”

ಹುಸೇನಪ್ಪ ಬಿಡಲಿಲ್ಲ. ಬಾಳು ಕನ್ನಡಿಯಲ್ಲಿ ಕಂಡದ್ದನ್ನು, ಕಂಡರೂ ಕಾಲು ತಡವಾದದ್ದನ್ನು ಅವನಿಗೆ ಹೇಳಿದ. ಮೋಹನದಾಸನಿಗೆ ಫೋನ್ ಮಾಡಿ ಈ ಗಾಡಿ ಮಧ್ಯಾಹ್ನ ಹೊರಡುತ್ತದೆ ಎಂದೂ ತಿಳಿಸಿದ. ಮಾಂತು ಗೊಣಗುತ್ತ ಬೇರೊಬ್ಬ ಚಾಲಕನಿಂದ ಗಾಡಿಯನ್ನು ಸಾಲಿನ ಪಕ್ಕಕ್ಕೆ ತೆಗೆಸಿ, ಕ್ಯಾಬಿನ್ನಿನಲ್ಲಿ ಉದ್ದಕ್ಕೆ ಮಲಗಿ ಮುಖಕ್ಕೆ ಟವೆಲ್ ಹಾಕಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಟವೆಲ್ಲಿನ ಒಳಗಿನಿಂದ ಅವನ ದನಿ ಬಂತು.

“ಅಣ್ಣಾ, ಮಜ್ಜಿಗಿ ಕುಡದ್ರ ಲಗೂ ಇಳೀತದೇನು?”

“ಇಲ್ಲ.”

“ನಿಂಬಿಹಣ್ಣಿನ ಶರಬತ್ತು?”

“ಅದೂ ಇಲ್ಲ. ನಾನೂ ಕೇಳೀನಿ, ಮಲಗು,” ಎಂದು ಹುಸೇನಪ್ಪ ಮುಂದಿನ ಟ್ಯಾಂಕರಿನ ಕಡೆ ನಡೆದ.