ಅರ್ಧ ಒದ್ದೆ, ಅರ್ಧ ಒಣ

ನಮ್ಮ ಅತ್ತಿಗೆ ಒರೆಸಿದ ನೆಲದ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಜಾರಿ ಬಿದ್ದಿರಲಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅವರು ನೆಲ ಒರೆಸುವ ಕಚೇರಿಯ ಬಾಗಿಲು ಕಾಯುವವನು ನಾನೇ. ಯಾರು ಬಿದ್ದರು, ಯಾಕೆ ಬಿದ್ದರು ಎಂದು ಬರೆಯುವ ಪುಸ್ತಕವೂ ನನ್ನ ಮೇಜಿನ ಮೇಲೆಯೇ ಇರುತ್ತದೆ. ಹಾಗಾಗಿ ಇದು ನಮ್ಮ ಮನೆಯವರೆಂದು ಮಾಡುವ ಹೊಗಳಿಕೆಯಲ್ಲ.

ಕಾರಿಡಾರಿನ ನಡುವೆ ಗೆರೆ ಎಳೆದ ಹಾಗೆ ಅವರು ಮೊದಲು ಎಡಗಡೆ ಒರೆಸುತ್ತಿದ್ದರು, ಅದು ಪೂರ್ತಿ ಒಣಗಿದ ಮೇಲೆಯೇ ಬಲಗಡೆ. ಗುಮಾಸ್ತರಿಗೆಲ್ಲ ಅದು ಅಭ್ಯಾಸವಾಗಿಹೋಗಿತ್ತು. ಹತ್ತು ಗಂಟೆಯವರೆಗೆ ಬಲಗಡೆ ನಡೆಯುವುದು, ಆಮೇಲೆ ಎಡಗಡೆ.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ಅವರ ಕೋಣೆ ಎಡಗಡೆ. "ನಾನು ಬರೋ ಹೊತ್ತಿಗೆ ಈ ಕಡೆ ಒಣಗಿರ್ಬೇಕು. ನಾಳೆಯಿಂದ ಮೊದಲು ಬಲಗಡೆ ಒರೆಸಿ," ಎಂದರು. ಅಷ್ಟಕ್ಕೇ ಬಿಟ್ಟರೇ? "ನಿಮಗೂ ವಯಸ್ಸಾಯ್ತು. ನೀವು ಒರೆಸಿದ್ದರಲ್ಲಿ ಒಬ್ಬರು ಬಿದ್ರೂ ಸಾಕು, ಬೇರೆಯವರನ್ನ ತರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ಮಾತ್ರ "ಆಗ್ಲಿ ಸಾರ್" ಎಂದರು.

ಮಾರನೆಯ ದಿನ ಬಲಗಡೆ ಒರೆಸಿ, ಕೊಳೆ ನೀರು ಚೆಲ್ಲಿ, ಖಾಲಿ ಬಕೆಟ್ ಹಿಡಿದು ವಾಪಸು ಬಂದರು. ಹೊಸ ನಿಯಮ ತಲೆಗೆ ಗೊತ್ತಿತ್ತು, ಕಾಲಿಗೆ ಹೇಳಿದವರು ಯಾರು? ಇಪ್ಪತ್ತೆರಡು ವರ್ಷದ ಕಾಲು ಸೀದಾ ಬಲಗಡೆಗೇ ಹೋಯಿತು. ಧೊಪ್! ಅತ್ತಿಗೆ ಅಂಗಾತ. ಬಕೆಟ್ ಗಡಗಡ ಉರುಳುತ್ತಾ ಹೋಗಿ ಮ್ಯಾನೇಜರ ಕಾಲ ಬಳಿಯೇ ನಿಲ್ಲಬೇಕೇ! ಬಾಗಿಲು ಬಾಗಿಲಿನಿಂದಲೂ ತಲೆಗಳು ಹೊರಬಂದವು. ಯಾರೋ ಕಿಸಕ್ಕೆಂದರು.

ನಾನು ಓಡಿಹೋಗಿ ಎತ್ತಿದೆ. "ಪೆಟ್ಟಾಯ್ತಾ ಅತ್ತಿಗೆ?"

"ಸೊಂಟ ನೆಟ್ಟಗಿದೆ, ಮಾನ ಹೋಯ್ತು ಅಷ್ಟೆ. ಪುಸ್ತಕ ತಾರೋ."

'ನೆಲ ಒದ್ದೆ' ಎಂದು ಬರೆದರೆ ಅವರ ಕೆಲಸ ಹೋದ ಹಾಗೆಯೇ. "ಸುಮ್ನಿರಿ, ಯಾರೋ ಬಾಟ್ಲಿ ನೀರು ಚೆಲ್ಲಿದ್ರು ಅಂತ ಬರೀತೀನಿ," ಎಂದು ಪಿಸುಗುಟ್ಟಿದೆ.

"ಮಾಡದವರ ತಲೆಗೆ ಕಟ್ತೀಯಾ? ನಾಚಿಕೆ ಆಗಲ್ವಾ ನಿನಗೆ? ಕೊಡಿಲ್ಲಿ."

ಕೈ ಒರೆಸಿಕೊಂಡು ತಾವೇ ಬರೆದರು. ಮ್ಯಾನೇಜರು ಪುಸ್ತಕ ಇಸಿದುಕೊಂಡು ಎಲ್ಲರಿಗೂ ಕೇಳುವಂತೆ ಓದಿದರು: "ಕಾರಣ: ಒದ್ದೆ ಕಡೆ ಕಾಲಿಟ್ಟಿದ್ದು. ನಡೆದವಳ ತಪ್ಪು. ಒರೆಸಿದವಳ ತಪ್ಪಿಲ್ಲ."

ಕನ್ನಡಕ ಕೆಳಗಿಳಿಸಿ ಕೇಳಿದರು, "ಏನಮ್ಮಾ ಇದು? ಇಬ್ಬರೂ ನೀವೇ ಅಲ್ವಾ?"

"ಹೌದು ಸಾರ್. ನಡೆದವಳನ್ನ ಎಷ್ಟು ಬೇಕಾದ್ರೂ ಬೈರಿ, ಅವಳು ಪೆದ್ದಿ. ಒರೆಸಿದವಳನ್ನ ಮಾತ್ರ ಏನೂ ಅನ್ಬೇಡಿ. ಅವಳು ಒಣ ಅರ್ಧ ಬಿಟ್ಟೇ ಒರೆಸಿದ್ದಾಳೆ. ನೀವೇ ಅದರ ಮೇಲೆ ನಿಂತಿದ್ದೀರಿ."

ಮ್ಯಾನೇಜರು ಬಗ್ಗಿ ತಮ್ಮ ಬೂಟು ನೋಡಿಕೊಂಡರು. ಒಂದು ಹನಿಯೂ ತಾಗಿರಲಿಲ್ಲ. ಅವರು ಜೇಬಿನಿಂದ ಪೆನ್ನು ತೆಗೆದು, ಅತ್ತಿಗೆ ಬರೆದದ್ದರ ಕೆಳಗೆ ಸಹಿ ಹಾಕಿ, "ಬೇರೆ ಯಾರೂ ಬೇಡ, ನೀವೇ ಇರಿ," ಎಂದರು. ನನಗೆ ಎದೆಯುಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ಅತ್ತಿಗೆ ಬಕೆಟ್ ತುಂಬಿಕೊಂಡು ಬಂದರು. ಬಲಗಡೆ ಕೈಯಿಟ್ಟು ನೋಡಿದರು, ಒಣಗಿತ್ತು.

"ಸಾರ್, ಸ್ವಲ್ಪ ಆ ಕಡೆ ಸರೀರಿ," ಎಂದರು. "ನೀವು ನಿಂತಿರೋ ಜಾಗ ಒರೆಸ್ಬೇಕು."