ನಲವತ್ತೊಂದು ಸೆಕೆಂಡು

ನಮ್ಮ ಅಕ್ಕನಿಗೆ ಆಸ್ಪತ್ರೆಯವರು ಇಟ್ಟ ಅಡ್ಡಹೆಸರು ಜರಡಿ ಅಕ್ಕ. ಡಯಾಲಿಸಿಸ್ ವಾರ್ಡಿನ ಹಿಂದಿದ್ದ ತೊಳೆಯುವ ಕೋಣೆಯಲ್ಲಿ ಅವಳು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದಳು. ಕಿಡ್ನಿ ಕೆಟ್ಟವರ ರಕ್ತವನ್ನು ಒಂದು ಗೇಣುದ್ದದ ಕೊಳವೆಯೊಳಗೆ ಹಾಯಿಸಿ ಸೋಸುತ್ತಾರಲ್ಲ, ಆ ಕೊಳವೆಯನ್ನು ತೊಳೆದು, ಎಲ್ಲಾದರೂ ಸೋರುತ್ತದೆಯೇ ಎಂದು ನೋಡಿ, ಅದೇ ರೋಗಿಗೆ ಮತ್ತೆ ಬಳಸಲು ಸಿದ್ಧ ಮಾಡುವುದು ಅವಳ ಕೆಲಸವಾಗಿತ್ತು. ಮನೆಗೆ ಬಂದರೂ ಜರಡಿ ಕೆಳಗಿಡುತ್ತಿರಲಿಲ್ಲ. ಎದುರುಮನೆಯ ಬೆಕ್ಕು ಎಡಗಾಲು ಎಳೆಯುವುದೇಕೆ, ಮೂಲೆ ಅಂಗಡಿಯವನು ಮಂಗಳವಾರ ಮಾತ್ರ ಕನ್ನಡಕ ಹಾಕುವುದೇಕೆ, ಎಲ್ಲವೂ ತಿಳಿಯಬೇಕು. ತಿಳಿಯದಿದ್ದರೆ ಅವಳಿಗೆ ಊಟ ಸೇರದು.

ನಾನು ಅವಳ ತಮ್ಮ, ಟೈಲರ್. ಕೂತು ಮಾಡುವ ಕೆಲಸ, ಕೂತಲ್ಲೇ ಗೊಣಗುವ ಸ್ವಭಾವ. ಮೂವತ್ತೆಂಟನೆಯ ವಯಸ್ಸಿಗೆ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ಮೂರು ವರ್ಷ ಅಕ್ಕನ ವಾರ್ಡಿನಲ್ಲೇ ವಾರಕ್ಕೆ ಮೂರು ಸಲ ಮಲಗಿದೆ. ಆಮೇಲೆ ಅಕ್ಕ ತನ್ನದೊಂದು ಕಿಡ್ನಿಯನ್ನು ನನಗೆ ಕೊಟ್ಟಳು. ಯಾರಾದರೂ ಎಂಥ ತ್ಯಾಗ ಎಂದು ರಾಗ ಎಳೆದರೆ, "ತ್ಯಾಗ ಏನಿಲ್ಲ, ಬಾಡಿಗೆಗೆ ಕೊಟ್ಟಿದ್ದೀನಿ. ಸುಣ್ಣ ಬಣ್ಣ ಅವನದ್ದು," ಎಂದು ಅವರ ಬಾಯಿ ಮುಚ್ಚಿಸುವಳು.

ಒಬ್ಬ ರೋಗಿಯನ್ನು ಒಂದು ಸಲ ಯಂತ್ರಕ್ಕೆ ಹಾಕಲು ನೂರು ಲೀಟರಿಗೂ ಮೇಲೆ ನೀರು ಬೇಕು. ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅಕ್ಕನಿಗೆ ಕೆಲಸಕ್ಕೆ ಸೇರಿದ ವಾರವೇ ಹುಟ್ಟಿತಂತೆ. ನಲ್ಲಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ನದಿಗೆ, ನದಿಯಿಂದ ಬೆಟ್ಟಗಳ ನಡುವಿನ ಒಂದು ಸರೋವರಕ್ಕೆ ಅವಳ ಪ್ರಶ್ನೆ ಹತ್ತಿತು. ಅಲ್ಲಿಗೆ ರಸ್ತೆ ಇರಲಿಲ್ಲ. ಡೇರೆ, ಒಲೆ, ಊಟದ ಸಾಮಾನನ್ನೆಲ್ಲ ಬೆನ್ನಿಗೆ ಹೇರಿಕೊಂಡು ನಡೆದರೆ ಹತ್ತಿ ಇಳಿಯಲು ಹದಿನೆಂಟು ದಿನ ಬೇಕು. ನಿವೃತ್ತಿಯಾದ ಮರುದಿನ ಅವಳು ನನ್ನ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಮೇಲೆ ನಕ್ಷೆ ಹಾಸಿದಳು.

"ನಾನಾ? ನಾನು ಬಸ್ ಸ್ಟ್ಯಾಂಡಿಗೆ ನಡೆದರೆ ಏದುಸಿರು ಬಿಡ್ತೀನಿ," ಎಂದೆ.

"ಅದಕ್ಕೇ ಕರೀತಿರೋದು. ಕೂತು ಕೂತು ನನ್ನ ಕಿಡ್ನಿಗೆ ತುಕ್ಕು ಹಿಡಿಸ್ತಿದ್ದೀಯ."

ನನ್ನ ಡಾಕ್ಟರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಬೇರೆಯವರ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲು ನಾನು ದಿನಕ್ಕೆರಡು ಹೊತ್ತು ಮಾತ್ರೆ ನುಂಗುತ್ತೇನೆ. ಅದು ಮೈಯ ಕಾವಲುಗಾರನಿಗೆ ಕೊಡುವ ನಿದ್ದೆಮಾತ್ರೆ. ಕಾವಲುಗಾರ ಮಲಗಿರುವಾಗ ಹೊಲಸು ನೀರು ಹೊಟ್ಟೆಗೆ ಹೋದರೆ ಇತರರಿಗೆ ಎರಡು ದಿನದ ಭೇದಿ, ನನಗೆ ಆಸ್ಪತ್ರೆ. "ಕಿಡ್ನಿಯೇ ಹೋಗಬಹುದು," ಎಂದರು ಡಾಕ್ಟರು. "ನೀರಿನ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ." ಇಬ್ಬರಿಗೆ ದಿನಕ್ಕೆ ಏಳು ಲೀಟರ್ ಕುದಿಸಲು ಬೇಕಾದಷ್ಟು ಗ್ಯಾಸ್ ಹೊರುವುದು ಆಗದ ಮಾತು. ಹಾಗಾಗಿ ಅಕ್ಕ ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಫಿಲ್ಟರ್ ತಂದಳು. ಒಂದು ತುದಿಗೆ ಹೊಳೆನೀರಿನ ಚೀಲ ತಿರುಗಿಸಿ ಹಿಂಡಿದರೆ ಇನ್ನೊಂದು ತುದಿಯಿಂದ ಕುಡಿಯುವ ನೀರು ಬರುತ್ತದೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದ ಬಗೆ ನನಗೆ ಇನ್ನೂ ನೆನಪಿದೆ. "ಏ, ಇದು ನಮ್ಮ ವಾರ್ಡಿನದ್ದೇ ಕಣೋ. ಅದರ ತಂಗಿ."

ಒಳಗೆ ಬಿಳಿ ಎಳೆಗಳ ಒಂದು ಕಟ್ಟು ಇತ್ತು. ದಾರದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೆ ಈ ದಾರ ಒಳಗೆ ಟೊಳ್ಳು. ನೀರು ಎಳೆಯ ಗೋಡೆಯ ಮೂಲಕ ಜಿನುಗಿ ಒಳಕ್ಕೆ ಹೋಗುತ್ತದೆ, ಕೊಳೆ ಮತ್ತು ಕ್ರಿಮಿ ಹೊರಗೇ ಉಳಿಯುತ್ತವೆ. ವಾರ್ಡಿನ ಕೊಳವೆಯಲ್ಲಿ ಹರಿಯುವುದು ರಕ್ತ, ಇಲ್ಲಿ ಹೊಳೆನೀರು, ಅಷ್ಟೇ ವ್ಯತ್ಯಾಸ.

ದಾರಿಯುದ್ದಕ್ಕೂ ಅಕ್ಕ ವಾರ್ಡಿನ ಶಿಸ್ತನ್ನೇ ನಡೆಸಿದಳು. ಕೆಸರುನೀರನ್ನು ನೇರ ಫಿಲ್ಟರಿಗೆ ಬಿಡುವಂತಿಲ್ಲ. ಪಾತ್ರೆಯಲ್ಲಿ ಅರ್ಧ ಗಂಟೆ ತಿಳಿಯಾಗಲು ಬಿಟ್ಟು, ನಾನು ನಾಲ್ಕು ಪದರ ಹಾಕಿ ಹೊಲಿದಿದ್ದ ಬಟ್ಟೆಯಲ್ಲಿ ಸೋಸಿ, ಆಮೇಲೆ ಚೀಲಕ್ಕೆ. ಹೊಳೆನೀರು ಮುಟ್ಟಿದ ಕೈ ಶುದ್ಧನೀರಿನ ಬಾಯಿ ಮುಟ್ಟುವಂತಿಲ್ಲ. ಸಂಜೆ ದೊಡ್ಡ ಸಿರಿಂಜಿನಲ್ಲಿ ಶುದ್ಧನೀರು ತುಂಬಿ ಹಿಮ್ಮುಖವಾಗಿ ಒತ್ತಿ, ಎಳೆಗಳಿಗೆ ಅಂಟಿದ ಕೊಳೆಯನ್ನು ಹೊರಕ್ಕೆ ತಳ್ಳಬೇಕು. ಮೊದಲ ದಿನ ಕಂದು ನೀರು ಬಂದಾಗ ಅವಳು ಅದನ್ನು ಲೋಟದಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಇದಿಷ್ಟೂ ನಿನ್ನ ಹೊಟ್ಟೆಗೆ ಹೋಗಬೇಕಿತ್ತು ನೋಡು," ಎಂದು ಸಂತೋಷಪಟ್ಟಳು. ನನಗೆ ಮಾತ್ರ ಊಟ ರುಚಿಸಲಿಲ್ಲ.

ತೊಳೆದ ಮೇಲೆ ಒಂದು ಲೀಟರ್ ಬಾಟಲಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರ ನೋಡಿ ಬರೆಯುವಳು. ನೋಟುಪುಸ್ತಕದಲ್ಲಿ ನಾಲ್ಕು ಕಾಲಮ್: ದಿನ, ಸೆಕೆಂಡು, ತೊಳೆದವರು, ನೋಡಿದವರು. ತೊಳೆದವರು ತಮ್ಮ ಕೆಲಸವನ್ನು ತಾವೇ ನೋಡಿ ಸಹಿ ಹಾಕುವಂತಿಲ್ಲ, ಅದು ವಾರ್ಡಿನ ನಿಯಮ. ತೊಳೆದವನು ದಿನಾ ನಾನು, ನೋಡಿದವಳು ದಿನಾ ಅವಳು. "ಒಂದು ದಿನ ನಾನು ನೋಡ್ತೀನಿ, ನೀನು ತೊಳಿ," ಎಂದರೆ, "ನಿನಗೆ ನೋಡೋಕೆ ಬರಲ್ಲ," ಎನ್ನುವಳು. ಇಪ್ಪತ್ತೈದು ವರ್ಷ ಬಟ್ಟೆಯ ತಪ್ಪು ಹುಡುಕಿ ಅನ್ನ ತಿಂದವನಿಗೆ ಹೇಳುವ ಮಾತೇ ಇದು?

ಹೊಸದಿದ್ದಾಗ ಐವತ್ತೈದು ಸೆಕೆಂಡು ಇತ್ತು. ಕುರಿ ಮೇಯುವ ಬಯಲುಗಳನ್ನು ದಾಟುವಾಗ ತೊಂಬತ್ತಕ್ಕೆ ಏರಿತು, ಚೆನ್ನಾಗಿ ತೊಳೆದರೆ ಅರವತ್ತಕ್ಕೆ ಇಳಿಯಿತು. ಐವತ್ತೈದಕ್ಕೆ ಮಾತ್ರ ಮತ್ತೆಂದೂ ಬರಲಿಲ್ಲ.

ಎತ್ತರಕ್ಕೆ ಹೋದಂತೆ ಇನ್ನೊಂದು ನಿಯಮ ಸೇರಿತು. ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ಎಳೆಗಳು ಒಡೆಯುತ್ತವೆ. ಒಡೆದದ್ದು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಮಲಗುವಾಗ ಅದನ್ನು ಸರದಿಯ ಮೇಲೆ ಒಬ್ಬೊಬ್ಬರು ಹೊದಿಕೆಯೊಳಗೆ ಇಟ್ಟುಕೊಳ್ಳಬೇಕು. ಒಂಬತ್ತನೆಯ ರಾತ್ರಿ ಒಂದು ಎತ್ತರದ ಬಯಲಿನಲ್ಲಿ ಡೇರೆ ಹಾಕಿದಾಗ ನನ್ನ ಸರದಿ ಇತ್ತು. ತಣ್ಣಗೆ, ತೇವವಾಗಿ ಹೊಟ್ಟೆಗೆ ತಗಲುವ ಆ ವಸ್ತು ನನಗೆ ಸಾಕುಸಾಕಾಗಿತ್ತು. ತೆಗೆದು ನನ್ನ ಬೂಟಿನೊಳಗೆ ತುರುಕಿ ಮಲಗಿಬಿಟ್ಟೆ.

ಬೆಳಿಗ್ಗೆ ಎದ್ದಾಗ ಬೂಟು ಕಲ್ಲಾಗಿತ್ತು. ಫಿಲ್ಟರ್ ಅಲುಗಿಸಿದರೆ ಒಳಗೆ ಕಟಕಟ ಸದ್ದು ಬಂತು. ಅಕ್ಕ ಇನ್ನೂ ಮಲಗಿದ್ದಳು. ಸರೋವರಕ್ಕೆ ಇನ್ನು ಎರಡೇ ದಿನದ ದಾರಿ ಇತ್ತು. ನಾನು ಫಿಲ್ಟರನ್ನು ಕಂಕುಳಲ್ಲಿ ಒತ್ತಿ ಕರಗಿಸಿದೆ, ಒರೆಸಿದೆ, ಹೊಳೆಗೆ ಹೋಗಿ ನೀರು ಹಿಂಡಿದೆ. ನೀರು ಸರಾಗವಾಗಿ ಬಂತು. ಏನೂ ಆಗಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು, ಅರ್ಧ ಲೋಟ ಕುಡಿದು ಬೆಳಗಿನ ಮಾತ್ರೆ ನುಂಗಿದೆ.

ಅಕ್ಕ ಎದ್ದು ಬಂದು ಗಡಿಯಾರ ಹಿಡಿದು ಬಾಟಲಿ ತುಂಬಿಸಿದಳು. ನಲವತ್ತೊಂದು ಸೆಕೆಂಡು. ಮತ್ತೊಮ್ಮೆ ತುಂಬಿಸಿದಳು. ಮತ್ತೆ ನಲವತ್ತೊಂದೇ.

"ನಿನ್ನೆ ಅರವತ್ತೆರಡು ಇತ್ತು," ಎಂದಳು.

"ನಾನು ಚೆನ್ನಾಗಿ ತೊಳೆದೆ. ಕೈಗುಣ. ಚಹಾ ಮಾಡ್ಲಾ? ನಿನ್ನ ಚೀಲ ನಾನೇ ಕಟ್ಟಿಡ್ತೀನಿ. ಕಾಲುನೋವು ಹೇಗಿದೆ?"

ಅವಳು ನನ್ನ ಮುಖ ನೋಡಿದಳು. "ಹೊಸದು ಐವತ್ತೈದು. ಹಳೇದಾಗಿ ನಲವತ್ತೊಂದು. ವಯಸ್ಸಾದ ಮೇಲೆ ಯಾರೋ ಇಷ್ಟು ಜೋರಾಗಿ ಓಡೋದು?" ಗಡಿಯಾರವನ್ನು ಕೆಳಗಿಟ್ಟು ಕೇಳಿದಳು, "ಹತ್ತು ದಿನದಿಂದ ಬೆಳಿಗ್ಗೆ ಎದ್ದ ತಕ್ಷಣ ಗೊಣಗೋನು ನೀನು. ಇವತ್ತು ಚಹಾ ಮಾಡ್ತೀಯ, ಚೀಲ ಕಟ್ತೀಯ. ಅತಿವಿನಯಂ ಧೂರ್ತಲಕ್ಷಣಂ. ಏನು ಮಾಡಿದೆ?"

"ನಾನೇನೂ ಬೂಟಲ್ಲಿ ಇಟ್ಟಿಲ್ಲ," ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ. ಬೂಟಿನ ಸುದ್ದಿಯನ್ನು ಅವಳು ಎತ್ತಿಯೇ ಇರಲಿಲ್ಲ.

ಅಕ್ಕ ಫಿಲ್ಟರಿನ ಶುದ್ಧನೀರಿನ ತುದಿಯನ್ನು ಲೋಟದ ನೀರಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಸಿರಿಂಜು ಇಟ್ಟು ಮೆಲ್ಲನೆ ಗಾಳಿ ಒತ್ತಿದಳು. ಒದ್ದೆಯಾದ ಎಳೆ ಗಟ್ಟಿಯಾಗಿದ್ದರೆ ಗಾಳಿಯನ್ನು ಬಿಡುವುದಿಲ್ಲ, ಸಿರಿಂಜಿನ ಹಿಡಿ ವಾಪಸ್ ಮೇಲೆ ಬರುತ್ತದೆ. ಅವಳು ಪ್ರತಿ ಭಾನುವಾರ ಮಾಡುತ್ತಿದ್ದ ಪರೀಕ್ಷೆ ಅದು. ಅಂದು ಹಿಡಿ ವಾಪಸ್ ಬರಲಿಲ್ಲ. ಲೋಟದಲ್ಲಿ ಗುಳುಗುಳು ಗುಳ್ಳೆ ಎದ್ದವು. ಒಡೆದ ಎಳೆಯಿಂದ ನೀರು ಸೋಸದೆಯೇ ನುಗ್ಗುತ್ತಿತ್ತು, ಅದಕ್ಕೇ ಆ ವೇಗ.

"ಎಷ್ಟು ಕುಡಿದೆ?"

"ಅರ್ಧ ಲೋಟ. ಮಾತ್ರೆಗೆ."

ಅವಳ ಮುಖ ಬಿಳಿಚಿತು. ಅವಳು ಬೈಯುತ್ತಾಳೆ ಎಂದು ನಾನು ಕಾದೆ, ಬೈದಿದ್ದರೆ ಚೆನ್ನಾಗಿತ್ತು. "ಫಿಲ್ಟರ್ ಸುಳ್ಳು ಹೇಳಿದರೆ ಸಿರಿಂಜ್ ಇಟ್ಟು ಕೇಳ್ತೀನಿ," ಎಂದಳು. "ನೀನು ಹೇಳಿದರೆ ಎಲ್ಲಿ ಇಟ್ಟು ಕೇಳಲಿ?"

ಆ ಬಯಲಿನಿಂದ ಪಕ್ಕದ ಕಣಿವೆಗೆ ಇಳಿದರೆ ಮೂರು ದಿನಕ್ಕೆ ಬಸ್ಸು ಸಿಗುತ್ತಿತ್ತು. ಉಳಿದ ಗ್ಯಾಸಿನಲ್ಲಿ ಮೂರು ದಿನ ಮಾತ್ರ ನೀರು ಕುದಿಸಬಹುದಿತ್ತು. ಇಪ್ಪತ್ತೆಂಟು ವರ್ಷ ಕೇಳಿದ ಪ್ರಶ್ನೆಯ ಉತ್ತರ ಎರಡು ದಿನದ ದೂರದಲ್ಲಿತ್ತು. ನಾಚಿಕೆಯಿಂದ ಸಾಯುವಂತಾಗಿ ಹೇಳಿದೆ, "ನೀನು ಹೋಗಿ ನೋಡಿ ಬಾ. ನಾನು ಇಲ್ಲೇ ಒಲೆ ಹಚ್ಕೊಂಡು ಕೂತಿರ್ತೀನಿ."

"ನನ್ನ ಅರ್ಧ ಇಲ್ಲಿ ಕೂತಿರುವಾಗ ಇನ್ನರ್ಧ ಹೋಗಿ ಏನು ನೋಡೋದು?" ಎಂದು ಅವಳು ಡೇರೆ ಬಿಚ್ಚತೊಡಗಿದಳು.

ಹತ್ತು ದಿನ, ದಾರಿಯಲ್ಲೂ ಮನೆಯಲ್ಲೂ, ಬೆಳಿಗ್ಗೆ ಸಂಜೆ ನನ್ನ ಜ್ವರ ನೋಡಿದಳು. ನನಗೆ ಭಯವಾಗಿತ್ತು. ನನ್ನ ಜೀವಕ್ಕಿಂತ ಹೆಚ್ಚಾಗಿ, ಅವಳು ಕೊಟ್ಟದ್ದನ್ನು ಒಂದು ಬೂಟಿಗೆ ಬಲಿ ಕೊಟ್ಟೆನಲ್ಲ ಎಂಬ ಭಯ. ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಥರ್ಮಾಮೀಟರನ್ನು ಡಬ್ಬಿಗೆ ಹಾಕಿ, ಗರಗಸ ತಂದು, ಊಟದ ಮೇಜಿನ ಮೇಲೆ ಫಿಲ್ಟರ್ ಕೊಯ್ದಳು. ನನ್ನ ಭೂತಗನ್ನಡಿ ಹಿಡಿದು ಇಬ್ಬರೂ ಮಧ್ಯಾಹ್ನವಿಡೀ ಎಳೆ ಎಣಿಸಿದೆವು. ಒಡೆದ ಎಳೆ ಮೊದಲು ಸಿಕ್ಕಿದ್ದು ನನಗೆ. ಕೂದಲಿನಷ್ಟೇ ಸಣ್ಣ ಬಿರುಕು. "ತೋರಿಸು, ತೋರಿಸು," ಎಂದು ಅವಳು ನನ್ನ ತಲೆಗೆ ತಲೆ ಹೊಡೆಸಿಕೊಂಡೇ ಬಗ್ಗಿದಳು.

ನೋಟುಪುಸ್ತಕದಲ್ಲಿ ಆ ದಿನದ ಕೆಳಗೆ ಹೀಗೆ ಬರೆದಿದ್ದಳು: ತಪ್ಪು ಒಂದು, ತಮ್ಮ ಹೊರಗಿಟ್ಟ. ತಪ್ಪು ಎರಡು, ನಾನು ಒಂದೇ ಫಿಲ್ಟರ್ ತಂದೆ.

"ಸುಳ್ಳು ಹೇಳಿದ್ದು?" ಎಂದು ಕೇಳಿದೆ.

"ಅದಕ್ಕೆ ನನ್ನ ಹತ್ತಿರ ಕಾಲಮ್ ಇಲ್ಲ," ಎಂದಳು.

ಮರುವರ್ಷ ಮತ್ತೆ ಹೊರಟೆವು. ಫಿಲ್ಟರ್ ಇಡಲೆಂದೇ ನನ್ನ ಒಳಅಂಗಿಗೆ ಒಂದು ಜೇಬು ಹೊಲಿದೆ, ಗುಂಡಿ ಸಮೇತ. ಅಕ್ಕನಿಗೆ ಹತ್ತು ಸಲ ತೋರಿಸಿ ಜಂಬ ಕೊಚ್ಚಿಕೊಂಡೆ. ಅದೇ ಬಯಲಿನಲ್ಲಿ, ಅದೇ ಹತ್ತನೆಯ ಬೆಳಿಗ್ಗೆ ಕೈಹಾಕಿದರೆ ಜೇಬು ಖಾಲಿ. ನನ್ನದೇ ಹೊಲಿಗೆ ಬಿಚ್ಚಿತ್ತು. ಫಿಲ್ಟರ್ ಡೇರೆಯ ಅಂಚಿನಲ್ಲಿ ಬಿದ್ದಿತ್ತು. ಅಲುಗಿಸಿದೆ, ಸದ್ದಿಲ್ಲ. ಮುಟ್ಟಿದೆ, ಮಂಜುಗಡ್ಡೆಯೂ ಇಲ್ಲ. ಜೇಬಿಗೆ ವಾಪಸ್ ಹಾಕಿಕೊಂಡರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಸರೋವರ ಎರಡೇ ದಿನದ ದೂರದಲ್ಲಿತ್ತು.

"ಅಕ್ಕ," ಎಂದು ಅವಳ ಭುಜ ಅಲುಗಿಸಿದೆ. "ಹೊಲಿಗೆ ಬಿಚ್ಚಿ ಹೊರಗೆ ಬಿದ್ದಿತ್ತು. ಎಷ್ಟು ಹೊತ್ತು ಬಿದ್ದಿತ್ತೋ ಗೊತ್ತಿಲ್ಲ. ನಾನು ಒಂದು ಹನಿಯೂ ಕುಡಿದಿಲ್ಲ."

ಅವಳು ಎದ್ದು ಕೂತು ಸಿರಿಂಜು ಇಟ್ಟು ನೋಡಿದಳು. ಹಿಡಿ ಪುಟಿದು ವಾಪಸ್ ಬಂತು, ಗುಳ್ಳೆ ಏಳಲಿಲ್ಲ. ಆದರೂ ಅದನ್ನು ಪಕ್ಕಕ್ಕಿಟ್ಟಳು. ಅನುಮಾನ ಬಂದದ್ದು ರೋಗಿಗೆ ಹೋಗುವಂತಿಲ್ಲ, ಅದೂ ವಾರ್ಡಿನ ನಿಯಮ. ತನ್ನ ಹೊದಿಕೆಯ ತಳದಿಂದ ಬೆಚ್ಚಗಿದ್ದ ಎರಡನೆಯ ಫಿಲ್ಟರ್ ತೆಗೆದಳು.

"ಅಂದರೆ ನನ್ನ ಮೇಲೆ ನಂಬಿಕೆ ಇರಲಿಲ್ಲ," ಎಂದೆ.

"ನಿನ್ನ ಮೇಲೆ ಇತ್ತು. ನಿನ್ನ ಹೊಲಿಗೆ ಮೇಲೆ ಇರಲಿಲ್ಲ."

ಸರೋವರ ಚಿಕ್ಕದು. ನಮ್ಮ ಬೀದಿಯ ಶಾಲೆಯ ಮೈದಾನದಷ್ಟೂ ಇರಲಿಲ್ಲ. ಅಕ್ಕ ದಡದಲ್ಲಿ ಬಹಳ ಹೊತ್ತು ಕೂತಳು. "ಇಷ್ಟೇ ಇದ್ಕೊಂಡು ಅಷ್ಟು ಜನಕ್ಕೆ ಹೇಗೆ ಸಾಲುತ್ತೋ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಆಮೇಲೆ ಅಂಗಿಯ ತೋಳು ಮೇಲೇರಿಸಿ ಫಿಲ್ಟರನ್ನು ತಾನೇ ತೊಳೆದಳು. ನೋಟುಪುಸ್ತಕ ತೆಗೆದು 'ತೊಳೆದವರು' ಎಂಬಲ್ಲಿ ತನ್ನ ಸಹಿ ಹಾಕಿ, ಪೆನ್ಸಿಲನ್ನು ನನ್ನತ್ತ ಚಾಚಿದಳು.

"ನೀನೇ ಹೇಳಿದ್ದೆ, ನನಗೆ ನೋಡೋಕೆ ಬರಲ್ಲ ಅಂತ."

"ಮೊನ್ನೆ ಬೆಳಿಗ್ಗೆಯಿಂದ ಬರುತ್ತೆ."

ನಾನು ಸಿರಿಂಜು ಇಟ್ಟು ಒತ್ತಿದೆ. ಹಿಡಿ ವಾಪಸ್ ಬಂತು. ಸಾಲದೆಂದು ಇನ್ನೆರಡು ಸಲ ಒತ್ತಿ ನೋಡಿ, 'ನೋಡಿದವರು' ಎಂಬಲ್ಲಿ ಸಹಿ ಹಾಕಿದೆ. ಗಡಿಯಾರ ಅವಳ ಕೈಯಲ್ಲೇ ಇತ್ತು, ಆದರೆ ಅವಳು ಅದನ್ನು ನೋಡಲಿಲ್ಲ. ಚೀಲ ಹಿಂಡಿ ಲೋಟ ತುಂಬಿಸಿ, ಮೊದಲು ತಾನು ಕುಡಿದಳು.